ಗಂಡ ಹೆಂಡತಿ ನಡೆಸುವ ಬ್ಯಾಂಡು: ಮೂರನೆಯವನ ಕಡೆಯಿಂದ ಕೆಲವು ಮಾತು

ಮದುವೆಯಾದ ಜೋಡಿ ಸೇರಿ ಒಂದು ಬ್ಯಾಂಡ್ ಕಟ್ಟುವುದು ನಮ್ಮ ಕಡೆ ಈಗ ಹೊಸದೇನಲ್ಲ. ಒಬ್ಬರು ಗಿಟಾರು, ಇನ್ನೊಬ್ಬರು ಕೀಬೋರ್ಡು ಮತ್ತು ಹಾಡು, ಮಲಗುವ ಕೋಣೆಯಲ್ಲೇ ರೆಕಾರ್ಡಿಂಗ್. ಹಾಡು ಕನ್ನಡದಲ್ಲಿ, ನಡುವೆ ಒಂದು ಸಾಲು ಕೊಂಕಣಿ. ಗುನುಗುವ ಹಾಗೆ ಇರುತ್ತದೆ, ಆದರೆ ಸಿನಿಮಾ ಹಾಡಿನ ಅಚ್ಚಿನಲ್ಲಿ ಇರುವುದಿಲ್ಲ. ನಾನು ಕಾರವಾರದ ಅಂಥ ಒಂದು ಬ್ಯಾಂಡಿನಲ್ಲಿ ಬಾಸ್ ಗಿಟಾರು ನುಡಿಸುವವನು. ಅಂದರೆ ಬ್ಯಾಂಡಿನ ಒಳಗೆ, ಮದುವೆಯ ಹೊರಗೆ.

ಹಾಗಾಗಿ ಪ್ರೀತಿ, ಹೊಂದಾಣಿಕೆ, ತಾಳ್ಮೆ ಇವನ್ನೆಲ್ಲ ಇಲ್ಲಿ ಹುಡುಕಬೇಡಿ. ಅದನ್ನು ಹೇಳೋಕೆ ನಿಮ್ಮ ಮನೆಯಲ್ಲಿ ಹಿರಿಯರಿದ್ದಾರೆ. ನಾನು ಹೇಳುವುದು ಇಷ್ಟೇ: ಇಂಥ ಬ್ಯಾಂಡಿನಲ್ಲಿ ಮೊದಲು ಕೆಡುವುದು ಗಂಡ ಹೆಂಡತಿಯ ನಡುವೆ ಅಲ್ಲ. ಅವರಿಬ್ಬರಿಗೂ ಮೂರನೆಯವರಿಗೂ ನಡುವೆ. ಅದನ್ನು ಸರಿಯಾಗಿ ಇಟ್ಟುಕೊಂಡರೆ ಉಳಿದದ್ದು ಅರ್ಧ ಸರಿಯಾದ ಹಾಗೆ.

ಮೊದಲು ಬೇರೆಯವರು ಹೇಗೆ ಮಾಡಿದರು ನೋಡಿ

ಅಮೆರಿಕದ ಯೋ ಲಾ ಟೆಂಗೊ ಬ್ಯಾಂಡು 1984ರಲ್ಲಿ ನ್ಯೂ ಜೆರ್ಸಿಯ ಹೊಬೊಕೆನ್‌ನಲ್ಲಿ ಶುರುವಾದದ್ದು. ಐರಾ ಕಪ್ಲನ್ ಗಿಟಾರು, ಅವರ ಹೆಂಡತಿ ಜಾರ್ಜಿಯಾ ಹಬ್ಲಿ ಡ್ರಮ್ಸ್. ಮೊದಲ ಕೆಲವು ವರ್ಷ ಬಾಸ್ ನುಡಿಸುವವರು ಬರುತ್ತಿದ್ದರು, ಹೋಗುತ್ತಿದ್ದರು. 1990ರ ದಶಕದ ಶುರುವಿನಲ್ಲಿ ಜೇಮ್ಸ್ ಮೆಕ್‌ನ್ಯೂ ಬಂದರು, ಇವತ್ತಿಗೂ ಇದ್ದಾರೆ. ಅವರು ಬಂದ ಮೇಲೆಯೇ ಆ ಬ್ಯಾಂಡಿಗೆ ಅದರದ್ದೇ ಆದ ಸದ್ದು ಬಂತು ಅಂತ ನಾನು ವಾದಿಸುತ್ತೇನೆ. ಬಾಸ್ ನುಡಿಸುವವನು ಇನ್ನೇನು ವಾದಿಸಿಯಾನು ಬಿಡಿ.

ಲೋ ಅಂತ ಇನ್ನೊಂದು ಬ್ಯಾಂಡು, ಮಿನೆಸೋಟ ರಾಜ್ಯದ ಡುಲುತ್ ಊರಿನದು, 1993ರದ್ದು. ಆಲನ್ ಸ್ಪಾರ್‌ಹಾಕ್ ಮತ್ತು ಮಿಮಿ ಪಾರ್ಕರ್. ಅಲ್ಲೂ ಬಾಸ್ ನುಡಿಸುವವರು ಬದಲಾಗುತ್ತಲೇ ಇದ್ದರು, ಕೊನೆಯ ಆಲ್ಬಮ್ಮು ಬರೀ ಗಂಡ ಹೆಂಡತಿಯದು. ಮಕ್ಕಳನ್ನೂ ಕರೆದುಕೊಂಡೇ ಟೂರ್ ಮಾಡಿದವರು ಅವರು. 2022ರ ನವೆಂಬರಿನಲ್ಲಿ ಪಾರ್ಕರ್ ಕ್ಯಾನ್ಸರಿನಿಂದ ತೀರಿಕೊಂಡರು, ಬ್ಯಾಂಡೂ ಅಲ್ಲಿಗೆ ನಿಂತಿತು.

ಟೆನಿಸ್ ಅನ್ನುವ ಜೋಡಿಯ ಕಥೆ ನಮ್ಮಂಥ ಕಡಲ ಊರಿನವರಿಗೆ ಇಷ್ಟವಾಗುತ್ತದೆ. ಅಲೇನಾ ಮೂರ್ ಮತ್ತು ಪ್ಯಾಟ್ರಿಕ್ ರೈಲಿ, ಡೆನ್ವರಿನವರು. ಕಾಲೇಜು ಮುಗಿಸಿ ಒಂದು ಹಾಯಿದೋಣಿ ಕೊಂಡು ಅಮೆರಿಕದ ಪೂರ್ವ ಕರಾವಳಿಯಲ್ಲಿ ತಿಂಗಳುಗಟ್ಟಲೆ ಸುತ್ತಿದರು. ಆ ತಿರುಗಾಟದ ಹಾಡುಗಳೇ 2011ರ ಮೊದಲ ಆಲ್ಬಮ್ಮಾದವು. ಕೆಲವು ವರ್ಷ ಬೇರೆ ಲೇಬಲ್‌ಗಳ, ಅಂದರೆ ಹಾಡು ಹೊರತರುವ ಕಂಪನಿಗಳ, ಜೊತೆ ಇದ್ದು, 2017ರಿಂದ ಸ್ವಂತ ಲೇಬಲ್ ಮಾಡಿಕೊಂಡರು. 2025ರಲ್ಲಿ ಇದೇ ನಮ್ಮ ಕೊನೆಯ ಆಲ್ಬಮ್ ಅಂತ ತಾವೇ ಹೇಳಿ ನಿಲ್ಲಿಸಿದರು. ಜಗಳ ಇಲ್ಲ, ಕೋರ್ಟ್ ಇಲ್ಲ. ನನ್ನ ಮಟ್ಟಿಗೆ ಇದು ದೊಡ್ಡ ಸಾಧನೆ.

ಇದಕ್ಕೆ ತಿರುಗು ಮುರುಗು ಸಾನಿಕ್ ಯೂತ್ ಅನ್ನುವ ಅಮೆರಿಕದ ಬ್ಯಾಂಡು. ಕಿಮ್ ಗಾರ್ಡನ್ ಮತ್ತು ಥರ್ಸ್ಟನ್ ಮೂರ್ 1984ರಲ್ಲಿ ಮದುವೆಯಾದವರು. 2011ರ ಅಕ್ಟೋಬರಿನಲ್ಲಿ ಬೇರೆಯಾದ ಸುದ್ದಿ ಹೊರಬಂತು. ಆದರೆ ಮೊದಲೇ ಒಪ್ಪಿಕೊಂಡ ಶೋಗಳಿದ್ದವಲ್ಲ, ನವೆಂಬರಿನಲ್ಲಿ ದಕ್ಷಿಣ ಅಮೆರಿಕಕ್ಕೆ ಹೋಗಿ ಅದೇ ವೇದಿಕೆ ಮೇಲೆ ನಿಂತು ಮುಗಿಸಿ ಬಂದರು. ಆ ವೇದಿಕೆಯಲ್ಲಿ ಇನ್ನೂ ಮೂರು ಜನ ಇದ್ದರು. ಅವರ ಪಾಡು ಯಾರೂ ಕೇಳಲಿಲ್ಲ.

ಮಾತು ನಡೆಯುವುದು ಎಲ್ಲಿ?

ನಿಮ್ಮ ಬ್ಯಾಂಡಿನಲ್ಲಿ ಮೂವರಿದ್ದರೆ ಪ್ರತಿ ತೀರ್ಮಾನದಲ್ಲೂ ಎರಡು ವೋಟು ಒಂದೇ ಮನೆಯದು. ಇದನ್ನು ಯಾರೂ ಬೇಕಂತ ಮಾಡುವುದಿಲ್ಲ. ರಾತ್ರಿ ಊಟ ಮಾಡುತ್ತಾ ಹಾಡಿನ ವಿಷಯ ಬರುತ್ತದೆ, ಬೆಳಗ್ಗೆ ಚಹಾ ಹೊತ್ತಿಗೆ ತೀರ್ಮಾನವೇ ಆಗಿರುತ್ತದೆ. ಪ್ರಾಕ್ಟೀಸಿಗೆ ಬಂದ ಡ್ರಮ್ಮರ್ ಹುಡುಗ ನಕ್ಕುಕೊಂಡೇ ಹೇಳುತ್ತಾನೆ: "ಅಕ್ಕಾ, ನೀವಿಬ್ರೂ ಮನೇಲೇ ಮಾತಾಡ್ಕೊಂಡು ಬಂದಿದ್ದೀರಿ, ಅಲ್ವಾ?" ನಗು ನಿಂತ ದಿನ ಅವನು ಬರುವುದನ್ನೂ ನಿಲ್ಲಿಸುತ್ತಾನೆ.

ಇದಕ್ಕೆ ಮದ್ದು ಸುಲಭ. ದುಡ್ಡು, ಶೋ ಒಪ್ಪಿಕೊಳ್ಳುವುದು, ಹೊಸಬರನ್ನು ಸೇರಿಸುವುದು, ಈ ಮೂರು ವಿಷಯ ಮನೆಯಲ್ಲಿ ಬಂದರೆ ಬರಲಿ, ಆದರೆ ತೀರ್ಮಾನ ಎಲ್ಲರೂ ಕೂತಾಗ ಮಾತ್ರ. ಮತ್ತೆ ಒಂದು ಶರತ್ತು: ಈ ಮೂರರಲ್ಲಿ ಮೂರನೆಯವರು "ಬೇಡ" ಅಂದರೆ ಆ ವಾರದ ಮಟ್ಟಿಗೆ ಅದು ಬೇಡವೇ. ಒಂದು ವಾರ ಕಾಯ್ದರೆ ಏನೂ ಮುಳುಗುವುದಿಲ್ಲ. ಹಾಡಿನ ರಾಗ, ಸಾಲು, ವೇಗ ಇದಕ್ಕೆಲ್ಲ ಈ ನಿಯಮ ಬೇಡ, ಅದನ್ನು ಬರೆದವರು ಹೇಳಿದ ಹಾಗೇ ಆಗಲಿ. ಹಾಡನ್ನೂ ವೋಟಿಗೆ ಹಾಕಿದರೆ ಹಾಡು ಸಪ್ಪೆಯಾಗುತ್ತದೆ.

ಇನ್ನೊಂದು ಚಿಕ್ಕದು. ಪ್ರಾಕ್ಟೀಸು ನಿಮ್ಮ ಮನೆಯಲ್ಲೇ ಇದ್ದರೆ, ಅಡುಗೆ ಮನೆಯ ಜಗಳ ಹಾಲಿಗೆ ಬಂದಾಗ ಹೊರಗಿನವನಿಗೆ ಎದ್ದು ಹೋಗಲೂ ಆಗುವುದಿಲ್ಲ, ಕೂರಲೂ ಆಗುವುದಿಲ್ಲ, ಸುಮ್ನೆ ಟ್ಯೂನಿಂಗ್ ಮಾಡುತ್ತಾ ಕೂತಿರಬೇಕು. ನನ್ನ ಬಾಸ್ ಯಾವಾಗಲೂ ಶ್ರುತಿಯಲ್ಲಿ ಇರುವುದಕ್ಕೆ ಇದೂ ಒಂದು ಕಾರಣ. ಆದಷ್ಟು ಬೇರೆ ಜಾಗ ನೋಡಿಕೊಳ್ಳಿ.

ದುಡ್ಡು ತಲೆಗೆ, ಮನೆಗಲ್ಲ

ಲೆಕ್ಕ ಹೀಗಿಡಿ. ಉದಾಹರಣೆಗೆ ಒಂದು ಶೋಗೆ 20,000 ರೂಪಾಯಿ ಬಂತು. ಗಾಡಿ, ಊಟ, ಸೌಂಡಿನವರಿಗೆ ಅಂತ 5,000 ಹೋಯಿತು. ಬ್ಯಾಂಡಿನ ಖಾತೆಗೆ 3,000 ಹಾಕಿ. ಉಳಿದ 12,000ವನ್ನು ಮೂರು ಜನರಿಗೆ ನಾಲ್ಕು ನಾಲ್ಕು ಸಾವಿರ. "ನಿಮ್ಮ ಮನೆಗೆ ಎಂಟು ಸಾವಿರ ಹೋಯ್ತಲ್ಲ" ಅಂತ ಯಾರಾದರೂ ಅನ್ನಬಹುದು. ಹೌದು, ಹೋಯಿತು, ಇಬ್ಬರು ದುಡಿದಿದ್ದಾರೆ. ಮನೆ ಲೆಕ್ಕದಲ್ಲಿ ಹಂಚಿದರೆ ಹೆಂಡತಿಯ ಕೆಲಸ ಬಿಟ್ಟಿ ಅಂತ ಆಗುತ್ತದೆ, ನಮ್ಮ ಕಡೆ ಅದು ಮೊದಲೇ ಜಾಸ್ತಿ. ಬ್ಯಾಂಡಿಗೆ ಬೇರೆ ಬ್ಯಾಂಕ್ ಖಾತೆ ಇರಲಿ. ಗಂಡನ ಯುಪಿಐಗೆ ಬಂದ ದುಡ್ಡು ಮನೆ ಸಾಮಾನಿನ ಬಿಲ್ಲಿನಲ್ಲಿ ಕರಗಿಹೋದರೆ ಆಮೇಲೆ ಯಾವ ದೇವರೂ ಲೆಕ್ಕ ಕೊಡುವುದಿಲ್ಲ.

ಒಂದು ಪಾಲುದಾರಿಕೆ ಪತ್ರ ಮಾಡಿಸಿ. 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಪಾಲುದಾರರಿಗೆ ಲಾಭ ಸಮಪಾಲು. ಒಬ್ಬರು ತೀರಿಕೊಂಡರೆ, ಪತ್ರದಲ್ಲಿ ಬೇರೆ ರೀತಿ ಬರೆಯದಿದ್ದರೆ, ಪಾಲುದಾರಿಕೆ ಅಲ್ಲಿಗೆ ಮುಗಿಯುತ್ತದೆ. ಲೋ ಬ್ಯಾಂಡಿನ ವಿಷಯ ಮೇಲೆ ಹೇಳಿದ್ದು ಇದಕ್ಕೇ. ಕೆಟ್ಟ ಮಾತು ಅಂತ ಬಿಡಬೇಡಿ, ಬರೆದಿಡಿ.

ಮತ್ತೆ ಇಬ್ಬರೂ ಒಟ್ಟಿಗೆ ಕೆಲಸ ಬಿಡಬೇಡಿ. ಬೇರೆ ಬ್ಯಾಂಡಿನಲ್ಲಿ ಒಬ್ಬ ಗಿಟಾರಿಸ್ಟಿಗೆ ಹೊಡೆತ ಬಿದ್ದರೆ ಮನೆಯಲ್ಲಿ ಇನ್ನೊಂದು ಸಂಬಳ ಇರುತ್ತದೆ. ಇಲ್ಲಿ ಎರಡೂ ಒಂದೇ ಕಡೆಯಿಂದ. ಶಿರಸಿಯ ಕಡೆ ಅಡಿಕೆ ತೋಟ ಇದ್ದವರು ಪುಣ್ಯವಂತರು, ಆದರೆ ಅವರಿಗೆ ಅಡಿಕೆ ಕೊಯ್ಲೂ ಶೋ ಸೀಸನ್ನೂ ಒಟ್ಟಿಗೇ ಬಂದು ಕೂರುತ್ತವೆ.

ಹಾಡು ಯಾರದು?

ಕಾನೂನಿನಲ್ಲಿ ಒಂದು ಹಾಡು ಮೂರು ಆಸ್ತಿ. ಸಾಹಿತ್ಯ ಒಂದು, ರಾಗ ಸಂಯೋಜನೆ ಒಂದು, ರೆಕಾರ್ಡಿಂಗ್ ಇನ್ನೊಂದು. ಸಾಹಿತ್ಯ ಮತ್ತು ಸಂಗೀತದ ಹಕ್ಕು ಬರೆದವರು ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ. ರೆಕಾರ್ಡಿಂಗಿಗೆ ಅದು ಹೊರಬಂದಾಗಿನಿಂದ 60 ವರ್ಷ. ಅಂದರೆ ಇವತ್ತು ನೀವು ಬರೆಯದೆ ಬಿಟ್ಟ ಚೀಟಿಯನ್ನು ಮೊಮ್ಮಕ್ಕಳು ಹುಡುಕುತ್ತಾರೆ.

ಹಾಡು ಮುಗಿದ ದಿನವೇ ಒಂದು ಹಾಳೆಯಲ್ಲಿ ಬರೆಯಿರಿ: ಸಾಹಿತ್ಯ ಯಾರು, ರಾಗ ಯಾರು, ಎಷ್ಟೆಷ್ಟು ಪಾಲು, ತಾರೀಕು, ಎಲ್ಲರ ಸಹಿ. "ನಾವಿಬ್ಬರೂ" ಅಂತ ಬರೆಯಬೇಡಿ, ಇಬ್ಬರ ಹೆಸರೂ ಬೇರೆ ಬೇರೆ ಬರೆಯಿರಿ. ಡ್ರಮ್ಮರ್ ಬರೀ ತಾಳ ಹಾಕಿದನೋ, ಹಾಡಿನ ರೂಪವನ್ನೇ ಬದಲಿಸಿದನೋ ಅನ್ನುವ ಚರ್ಚೆ ಅವತ್ತೇ ಆಗಲಿ. ಹಾಡು ಹಿಟ್ ಆದ ಮೇಲೆ ಈ ಚರ್ಚೆ ಚೆನ್ನಾಗಿ ಆಗುವುದಿಲ್ಲ.

ಆಮೇಲೆ ಐಪಿಆರ್‌ಎಸ್ ಸದಸ್ಯತ್ವ. ಸಾಹಿತ್ಯ ಮತ್ತು ಸಂಗೀತ ಬರೆದವರ ರಾಯಲ್ಟಿ ವಸೂಲಿ ಮಾಡುವ ಸಂಘ ಅದು, 1969ರದ್ದು. ಗಂಡನೂ ಹೆಂಡತಿಯೂ ಬೇರೆ ಬೇರೆ ಸದಸ್ಯರಾಗಬೇಕು, ಒಬ್ಬರ ಹೆಸರಲ್ಲಿ ಇನ್ನೊಬ್ಬರದ್ದು ನಡೆಯುವುದಿಲ್ಲ. ಸ್ಪಾಟಿಫೈಯಲ್ಲಿ 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ರೆಕಾರ್ಡಿಂಗಿನ ದುಡ್ಡೇ ಇಲ್ಲ. ಅದಕ್ಕೇ ಹತ್ತು ಅರೆಬೆಂದ ಹಾಡು ಒಟ್ಟಿಗೆ ಸುರಿಯುವ ಬದಲು ಎರಡು ತಿಂಗಳಿಗೊಂದು ಗಟ್ಟಿ ಹಾಡು ಬಿಡಿ.

ಮಳೆ, ಘಟ್ಟ, ಹತ್ತು ಗಂಟೆ

ಇಲ್ಲಿನ ಕ್ಯಾಲೆಂಡರು ಯಕ್ಷಗಾನ ಮೇಳದವರದ್ದೇ. ನವೆಂಬರಿನಿಂದ ಮೇವರೆಗೆ ಹೊರಗೆ, ಮಳೆಗಾಲದಲ್ಲಿ ಒಳಗೆ. ಜೂನ್ ಬಂದರೆ ಹೊರಗಿನ ಶೋ ಮರೆತುಬಿಡಿ, ಹಾಡು ಬರೆಯಿರಿ. ಆದರೆ ರೆಕಾರ್ಡಿಂಗ್ ಮಾಡುವಾಗ ಹಂಚಿನ ಮಾಡು, ತಗಡಿನ ಶೀಟು ಇರುವ ಕೋಣೆ ಬೇಡ. ಮಳೆಯ ಸದ್ದು ಹಾಡಿನಲ್ಲಿ ಚೆಂದ ಕೇಳುತ್ತದೆ ಅನ್ನುವವರು ನಾಲ್ಕು ಟೇಕ್ ಜೋಡಿಸಿ ನೋಡಲಿ, ಪ್ರತಿ ಟೇಕಿನಲ್ಲೂ ಬೇರೆ ಮಳೆ.

ಸಾಮಾನಿನ ಗತಿ ಇನ್ನೂ ಕಷ್ಟ. ಮರದ ಗಿಟಾರಿಗೆ 45ರಿಂದ 55 ಪರ್ಸೆಂಟ್ ತೇವಾಂಶ ಹಿತ, ನಮ್ಮಲ್ಲಿ ಜುಲೈಯಲ್ಲಿ ಅದರ ಹತ್ತಿರವೂ ಬರುವುದಿಲ್ಲ. ರೆಕಾರ್ಡಿಂಗಿನ ಕಂಡೆನ್ಸರ್ ಮೈಕನ್ನು ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿ ಇಡಿ. ಕಪಾಟಿನೊಳಗೆ ಬಲ್ಬ್ ಉರಿಸುವ ಹಳೆ ಉಪಾಯ ಕೆಲಸ ಮಾಡುತ್ತದೆ, ಆದರೆ ಎಲ್‌ಇಡಿ ಬಲ್ಬ್ ಹಾಕಿ ಪ್ರಯೋಜನವಿಲ್ಲ, ಅದು ಅಷ್ಟು ಬಿಸಿಯಾಗುವುದಿಲ್ಲ.

ಮಳೆಗಾಲದಲ್ಲಿ ಒಳಾಂಗಣದ ಶೋ ಒಪ್ಪಿಕೊಂಡರೆ ಕರಾರಿನಲ್ಲಿ ಒಂದು ಸಾಲು ಸೇರಿಸಿ: ರಸ್ತೆ ಬಂದ್ ಆದರೆ ಅಡ್ವಾನ್ಸ್ ವಾಪಸ್ ಇಲ್ಲ, ಶೋ ಮುಂದಕ್ಕೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು 66ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು, ಆಗಸ್ಟ್ 7ರಂದು ಕಾಳಿ ನದಿಯ ಹಳೆ ಸೇತುವೆಯೇ ಬಿತ್ತು. ಕುಮಟಾ-ಶಿರಸಿ ದಾರಿಯ ದೇವಿಮನೆ ಘಟ್ಟದ ಕಥೆ ಶಿರಸಿಯವರಿಗೆ ಹೇಳಬೇಕಿಲ್ಲ. ಬೆಂಗಳೂರಿನ ಶೋಗೆ ಪಂಚಗಂಗಾ ರೈಲು ಒಳ್ಳೆಯದು, ಸಂಜೆ ಹತ್ತಿದರೆ ಬೆಳಗ್ಗೆ ಅಲ್ಲಿ. ಡ್ರಮ್ಸ್ ಮಾತ್ರ ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ.

ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಹಾಕುವ ಹಾಗಿಲ್ಲ. ಸರ್ಕಾರ ಬಯಸಿದರೆ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಮಧ್ಯರಾತ್ರಿವರೆಗೆ ಸಡಿಲ ಮಾಡಬಹುದು. ಪಕ್ಕದ ಗೋವಾದ ಪಾಲೋಲೆಂ ಬೀಚಿನಲ್ಲಿ ಹೆಡ್‌ಫೋನ್ ಹಾಕಿ ಕುಣಿಯುವ ಪಾರ್ಟಿ ಶುರುವಾದದ್ದು ಇದರಿಂದಲೇ. ಗೋಕರ್ಣದ ಕೆಫೆಯವರು "ಏನೂ ಆಗಲ್ಲ, ಹನ್ನೊಂದರವರೆಗೆ ಹಾಡಿ" ಅಂದರೆ ಅನುಮತಿ ಪತ್ರ ಕೇಳಿ. ಪೊಲೀಸರು ಬಂದಾಗ ಮೈಕ್ ಕೈಯಲ್ಲಿ ಹಿಡಿದಿರುವುದು ನೀವು, ಕೆಫೆಯವರಲ್ಲ.

ಮುಗಿಯುವುದಾದರೆ

ಒಬ್ಬರು ಬಿಟ್ಟರೆ ಹೆಸರು ಯಾರಿಗೆ? ಒಪ್ಪಿಕೊಂಡ ಶೋಗಳನ್ನು ಯಾರು ಮುಗಿಸಬೇಕು? ಹಳೆ ಹಾಡನ್ನು ಒಬ್ಬರೇ ಹಾಡಬಹುದಾ? ಜಗಳ ಇಲ್ಲದ ಒಂದು ಸಂಜೆ ಇದನ್ನು ಅದೇ ಪಾಲುದಾರಿಕೆ ಪತ್ರದಲ್ಲಿ ಸೇರಿಸಿ. ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸುವುದಾದರೆ ಮನರಂಜನೆಗೆ 41ನೇ ವರ್ಗ, ಅರ್ಜಿ ಪಾಲುದಾರಿಕೆಯ ಹೆಸರಲ್ಲಿ ಇರಲಿ, ಒಬ್ಬರ ಹೆಸರಲ್ಲಿ ಬೇಡ.

ಇನ್ನು ಯೂಟ್ಯೂಬ್, ಇನ್‌ಸ್ಟಾಗ್ರಾಮ್, ಹಾಡು ಅಪ್‌ಲೋಡ್ ಮಾಡುವ ಖಾತೆ, ಬ್ಯಾಂಡಿನ ಇಮೇಲ್, ಇವೆಲ್ಲ ಸಾಮಾನ್ಯವಾಗಿ ಗಂಡನ ಫೋನಿನಲ್ಲೇ ಇರುತ್ತವೆ. ಒಟಿಪಿಯೂ ಅವನಿಗೇ. ಬ್ಯಾಂಡಿಗೆ ಅಂತಲೇ ಒಂದು ಸಿಮ್ ತೆಗೆದುಕೊಳ್ಳಿ, ಪಾಸ್‌ವರ್ಡುಗಳ ಒಂದು ಪ್ರತಿ ಲಕೋಟೆಯಲ್ಲಿ ಹಾಕಿ ಬಾಸ್ ನುಡಿಸುವವನ ಕೈಗೆ ಕೊಡಿ.