ಜನರಲ್ ಇಳಿದ ಜಾಗ, ಅಜ್ಜಿಯ ಮನೆ

ಐದಾರು ವರ್ಷದಿಂದ ನನಗೊಂದು ಹುಚ್ಚು. ರಸ್ತೆ ಬದಿಯ ಇತಿಹಾಸದ ಫಲಕಗಳನ್ನು ಹುಡುಕಿಕೊಂಡು ಹೋಗೋದು, ಫೋಟೋ ತೆಗೆಯೋದು, ಅದರ ಮೇಲಿರೋದನ್ನು ಒಂದಕ್ಷರ ಬಿಡದೆ ಬರೆದುಕೊಳ್ಳೋದು. ಇರೋದು ನ್ಯೂಜೆರ್ಸಿಯಲ್ಲಿ, ಹಾಗಾಗಿ ಗೆಟಿಸ್‌ಬರ್ಗ್ ಮೂರು ಗಂಟೆ ಡ್ರೈವ್ ಅಷ್ಟೆ. ಅಲ್ಲಿ ಫಲಕಗಳಿಗೇನು ಬರ. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದಲ್ಲಿ 1863ರ ಜುಲೈ 1ರಿಂದ 3ರವರೆಗೆ ಇಲ್ಲಿ ನಡೆದ ಯುದ್ಧದ ಒಂದೊಂದು ಗದ್ದೆಯಲ್ಲೂ ಕಂಚು, ಕಬ್ಬಿಣ, ಕಲ್ಲು ಏನಾದರೊಂದು ನಿಂತಿದೆ.

ನನಗೆ ಬೇಕಾಗಿದ್ದದ್ದು ದಕ್ಷಿಣದ ಸೇನೆಯ ಜನರಲ್ ಲೀ ಬಿಡಾರದ ಗುರುತು. ಊರಿನ ಪಶ್ಚಿಮಕ್ಕೆ ಚೇಂಬರ್ಸ್‌ಬರ್ಗ್ ರಸ್ತೆಯಲ್ಲಿ ಹಳೇ ಫಿರಂಗಿಯೊಂದನ್ನು ನೆಟ್ಟಗೆ ನಿಲ್ಲಿಸಿ ಗುರುತು ಮಾಡಿದ್ದಾರೆ, ಪಕ್ಕದಲ್ಲೇ ಬರಹ.

ಮೊದಲ ಸಲ ಮಟಮಟ ಮಧ್ಯಾಹ್ನ ಹೋಗಿ ಕೆಟ್ಟೆ. ಮನೆಗೆ ಬಂದು ನೋಡಿದರೆ ಫೋಟೋದಲ್ಲಿ ಬಿಸಿಲು ಬಿಟ್ಟು ಬೇರೇನೂ ಇಲ್ಲ. ಸಾಲದ್ದಕ್ಕೆ ಫೋನು ಬರೆದುಕೊಂಡ ಜಾಗ ಫಲಕದ್ದಲ್ಲ, ನಾನು ಕಾರು ನಿಲ್ಲಿಸಿದ್ದ ಜಾಗದ್ದು! ನಮ್ಮ ಕಡೆ ಶಾಸನ ಓದುವವರನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದರು, ಬೆಳಕು ಪಕ್ಕದಿಂದ ಓರೆಯಾಗಿ ಬಿದ್ದರೆ ತಾನೇ ಅಕ್ಷರ ಏಳೋದು ಅಂತ. ಉಬ್ಬಕ್ಷರಕ್ಕೂ ಅದೇ ಲೆಕ್ಕ.

ಎರಡನೇ ಸಲ ಅಮ್ಮ ಜೊತೆಗಿದ್ದರು, ಶಿವಮೊಗ್ಗದಿಂದ ಬಂದು ಎರಡು ವಾರ ಆಗಿತ್ತು. ಅಮ್ಮನ ಕೈಗೆ ಕಪ್ಪು ಛತ್ರಿ ಕೊಟ್ಟು ಬಿಸಿಲಿಗೆ ಅಡ್ಡ ಹಿಡಿಸಿದೆ, ನಾನು ಎಡಗಡೆಯಿಂದ ಟಾರ್ಚ್ ಬಿಟ್ಟೆ. ಅಕ್ಷರ ಎದ್ದು ಬಂತು ನೋಡಿ, ಕಡಲೆ ಬಿಡಿಸಿದ ಹಾಗೆ ಒಂದೊಂದೇ. ಹಿಟ್ಟು, ಸೀಮೆಸುಣ್ಣ ಉಜ್ಜೋಕೆ ಹೋಗಬೇಡಿ, ಕಂಚು ಹಾಳಾಗುತ್ತೆ. ಜಾಗವನ್ನೂ ಈ ಸಲ ಫಲಕಕ್ಕೆ ಫೋನು ತಾಗಿಸಿಯೇ ಗುರುತು ಮಾಡಿಕೊಂಡೆ.

ಅಲ್ಲಿ ಬರೆದಿರೋದು ಲೀ ಹೇಳಿದ ಮಾತು. ಸೆಮಿನರಿಯ (ಪಾದ್ರಿಗಳಾಗೋರು ಓದೋ ಶಾಲೆ) ಹಿಂದೆ ಸೇಬಿನ ತೋಟದಲ್ಲಿ ಡೇರೆ ಹಾಕಿಕೊಂಡಿದ್ದೆ ಅಂತ. ಆದರೆ ರಸ್ತೆ ದಾಟಿದರೆ ಎದುರಿಗೇ ಒಂದು ಕಲ್ಲಿನ ಮನೆ ಇದೆ, ಜನ ಲೀ ಹೆಡ್‌ಕ್ವಾರ್ಟರ್ಸ್ ಅನ್ನೋದು ಅದನ್ನೇ. ಎರಡೂ ಸುಳ್ಳಲ್ಲ, ಆ ಮನೆಯನ್ನೂ ಬಳಸಿಕೊಂಡಿದ್ದರು. ಅದಕ್ಕೇ ನಾನು ಫಲಕ ಒಂದನ್ನೇ ನಂಬೋದಿಲ್ಲ, ಸುತ್ತ ಒಂದು ರೌಂಡ್ ಹಾಕ್ತೀನಿ.

ಅಮ್ಮ ಛತ್ರಿ ಮಡಚುತ್ತಾ ಕೇಳಿದರು, "ಅಲ್ವೋ, ಮನೆಯವರು ಎಲ್ಲಿ ಹೋಗಿದ್ರೋ ಆವಾಗ?"

ಇಷ್ಟು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. ಮನೆಯಲ್ಲಿದ್ದದ್ದು ಮೇರಿ ಥಾಂಪ್ಸನ್ ಅನ್ನೋ ವಯಸ್ಸಾದ ವಿಧವೆ. ಮನೆ ಥ್ಯಾಡಿಯಸ್ ಸ್ಟೀವನ್ಸ್‌ಗೆ ಸೇರಿದ್ದು. ಗುಲಾಮಗಿರಿ ವಿರುದ್ಧ ಅಮೆರಿಕದ ಸಂಸತ್ತಿನಲ್ಲಿ ಗುಡುಗುತ್ತಿದ್ದ ಮನುಷ್ಯ ಅವನು, ಯುದ್ಧಕ್ಕೆ ಕೆಲವೇ ದಿನ ಮುಂಚೆ ಅವನ ಕಬ್ಬಿಣದ ಕಾರ್ಖಾನೆಗೆ ಇದೇ ಲೀ ಸೇನೆಯವರು ಬೆಂಕಿ ಇಟ್ಟಿದ್ದರು. ಫಿರಂಗಿ ಪಕ್ಕದ ಬರಹದಲ್ಲಿ ಇದ್ಯಾವುದೂ ಇಲ್ಲ. ಮುಂದೆ ಆ ಮನೆಯನ್ನು ಹೊಂದಿಕೊಂಡೇ ಮೋಟೆಲ್, ಹೋಟೆಲ್ ಎಲ್ಲ ಎದ್ದವು. ಒಂದು ಟ್ರಸ್ಟ್ ಜಾಗ ಕೊಂಡು, ಅವನ್ನು ಕೆಡವಿ, 2016ರಲ್ಲಿ ಮನೆಯನ್ನು ಮೊದಲಿನ ರೂಪಕ್ಕೆ ತಂದಿತು.

ಅಲ್ಲಿಂದ ಉತ್ತರದ ಸೇನೆಯ ಜನರಲ್ ಮೀಡ್ ಇಳಿದಿದ್ದ ಮನೆಗೆ ಹೋದೆವು. ಅದೂ ಒಬ್ಬ ವಿಧವೆಯದ್ದೇ, ಲಿಡಿಯಾ ಲೀಸ್ಟರ್. ಎರಡು ಕೋಣೆಯ ಬಿಳಿ ಮನೆ, ಮಲೆನಾಡಲ್ಲಾದರೆ ಕೊಟ್ಟಿಗೆ ಇದಕ್ಕಿಂತ ದೊಡ್ಡದಿರುತ್ತೆ. ಜುಲೈ 2ರ ರಾತ್ರಿ ಇಲ್ಲಿನ ಒಂದು ಕೋಣೆಯಲ್ಲಿ ಹನ್ನೆರಡು ಜನ ಸೇನಾಧಿಕಾರಿಗಳು ಒತ್ತೊತ್ತಾಗಿ ಕೂತು, ನಿಂತು, ಹಿಂದೆ ಸರಿಯೋದು ಬೇಡ, ಇಲ್ಲೇ ನಿಲ್ಲೋಣ ಅಂತ ತೀರ್ಮಾನ ಮಾಡಿದರು. ಮರುದಿನ ಮಧ್ಯಾಹ್ನ ದಕ್ಷಿಣದವರ ಫಿರಂಗಿ ಗುಂಡುಗಳು ಗುರಿ ಮೀರಿ ಈ ಮನೆ ಸುತ್ತಲೇ ಬಿದ್ದವು. ಬೇಲಿಗೆ ಕಟ್ಟಿದ್ದ ಕುದುರೆಗಳು ಕಟ್ಟಿದಲ್ಲೇ ಸತ್ತವು, ಮೀಡ್ ಜಾಗ ಖಾಲಿ ಮಾಡಬೇಕಾಯಿತು.

ಲಿಡಿಯಾ ವಾಪಸ್ ಬಂದಾಗ ಅವಳ ಜಮೀನಿನಲ್ಲಿ ಹದಿನೇಳು ಸತ್ತ ಕುದುರೆ. ಗೋಧಿ ತುಳಿದು ನೆಲಸಮ, ಬುಗ್ಗೆಯ ನೀರು ಕೆಟ್ಟಿತ್ತು. ಐದು ಕುದುರೆಗಳನ್ನು ಅವಳ ಒಳ್ಳೇ ಪೀಚ್ ಮರದ ಬುಡದಲ್ಲೇ ಸುಟ್ಟರು, ಮರವೂ ಹೋಯಿತು. ಕೊನೆಗೆ ಆ ಕುದುರೆಗಳ ಮೂಳೆ ಮಾರಿ ಬಂದ ಚಿಲ್ಲರೆ ದುಡ್ಡೇ ಅವಳಿಗೆ ಸಿಕ್ಕಿದ ಪರಿಹಾರ. ಎರಡು ವರ್ಷ ಬಿಟ್ಟು ಬಂದ ಒಬ್ಬ ಬರಹಗಾರನ ಹತ್ತಿರ ಇದನ್ನೆಲ್ಲ ಅವಳೇ ಹೇಳಿಕೊಂಡಿದ್ದಾಳೆ.

ಅಮ್ಮನಿಗೆ ಓದಿ ಹೇಳಿದೆ. ಅವರು ಬೇಲಿ ಹಿಡಿದು ಸ್ವಲ್ಪ ಹೊತ್ತು ಸುಮ್ನೆ ನಿಂತರು. "ಬುಗ್ಗೆ ನೀರು ಕೆಟ್ರೆ ಕುಡಿಯೋಕೆ ಏನ್ ಮಾಡಿದ್ಲೋ" ಅಂದರು.

ನನ್ನ ಎಕ್ಸೆಲ್ ಹಾಳೆಯಲ್ಲಿ ಫಲಕದ ಬರಹ, ಜಾಗ, ಮುಖ ಯಾವ ದಿಕ್ಕಿಗೆ, ಫೋಟೋ ಇಷ್ಟೇ ಇತ್ತು. ಅವತ್ತು ರಾತ್ರಿ "ಮನೆ ಯಾರದು" ಅಂತ ಒಂದು ಕಾಲಂ ಸೇರಿಸಿದೆ. ಹಳೆಯ ಸಾಲುಗಳೆಲ್ಲ ಆ ಜಾಗದಲ್ಲಿ ಖಾಲಿ, ಒಂದೊಂದಾಗಿ ತುಂಬಿಸ್ತಾ ಇದ್ದೀನಿ. ಮುಂದಿನ ಸಲ ಆಂಟೀಟಮ್, ಅದೇ ಅಂತರ್ಯುದ್ಧದ ಇನ್ನೊಂದು ರಣಭೂಮಿ. ಅಲ್ಲಿ ಉತ್ತರದ ಸೇನೆಯ ಜನರಲ್ ಮೆಕ್ಲೆಲನ್ ಇಳಿದಿದ್ದದ್ದು ಪ್ರೈ ಅನ್ನೋ ರೈತನ ಮನೆಯಲ್ಲಿ. ಅಮ್ಮ ಊರಿಗೆ ಹೋದರು, ಛತ್ರಿ ಹಿಡಿಯೋಕೆ ಯಾರನ್ನಾದರೂ ಹುಡುಕಬೇಕು.