ಮಾತ್ರೆ ನಿಲ್ಲಿಸುವ ತಾರೀಖು

"ಮುಂದಿನ ಭೇಟಿಯವರೆಗೆ ಎಲ್ಲ ಮಾತ್ರೆಗಳನ್ನೂ ಮುಂದುವರಿಸಿ." ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ಈ ಸಾಲನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಸಹಿ ಹಾಕುವಷ್ಟೇ ಸಲೀಸಾಗಿ ಬರೆಯುತ್ತಿದ್ದೆ. 2011ರಲ್ಲಿ ಆ ಸಾಲು ನನ್ನ ಒಬ್ಬ ರೋಗಿಯನ್ನು ಬಹುತೇಕ ಕೊಂದಿತ್ತು.

ಎಪ್ಪತ್ತೆರಡು ವರ್ಷದ ಹಿರಿಯರು. ಹೃದಯದ ರಕ್ತನಾಳ ಮುಚ್ಚದಂತೆ ನಾನೇ ಸ್ಟೆಂಟ್ ಎಂಬ ಲೋಹದ ಜಾಲರಿಯನ್ನು ಹಾಕಿದ್ದೆ. ಅವರಿಗೆ ಮೊದಲಿನಿಂದಲೂ ಏಟ್ರಿಯಲ್ ಫಿಬ್ರಿಲೇಷನ್ ಇತ್ತು, ಅಂದರೆ ಹೃದಯದ ಬಡಿತಕ್ಕೆ ತಾಳವೇ ಇಲ್ಲದ ಸ್ಥಿತಿ. ಅದಕ್ಕೆ ವಾರ್ಫರಿನ್ ನುಂಗುತ್ತಿದ್ದರು. ಸ್ಟೆಂಟಿಗೆಂದು ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಸೇರಿಸಿ ಕಳುಹಿಸಿದೆ. ಆಗಿನ ರೂಢಿಯ ಪ್ರಕಾರವೂ ಮೂರನ್ನು ಒಟ್ಟಿಗೆ ಕೊಡಬೇಕಾದದ್ದು ಕೆಲವೇ ತಿಂಗಳು. ಆದರೆ 'ಮುಂದಿನ ಭೇಟಿ' ಆದದ್ದು ಹದಿನಾಲ್ಕು ತಿಂಗಳ ಮೇಲೆ, ಗಾಲಿಕುರ್ಚಿಯಲ್ಲಿ. ಕಣ್ಣಿನ ರೆಪ್ಪೆಯೊಳಗೆ ಕೆಂಪಿನ ಸುಳಿವಿರಲಿಲ್ಲ, ಮಲ ಡಾಂಬರಿನಂತೆ ಕಪ್ಪಾಗಿತ್ತು, ಹಿಮೋಗ್ಲೋಬಿನ್ 5.8. ಜಠರದ ಹುಣ್ಣೊಂದು ವಾರಗಟ್ಟಲೆ ಒಸರುತ್ತಿತ್ತು. "ಒಂದು ದಿನವೂ ತಪ್ಪಿಸಿಲ್ಲ ಡಾಕ್ಟರೇ" ಎಂದರು ಅವರ ಹೆಂಡತಿ, ಅದೇ ಚೀಟಿಯನ್ನು ಮುಂದೆ ಹಿಡಿದು. ರಕ್ತ ಕೊಟ್ಟು, ಎಂಡೋಸ್ಕೋಪಿಯಲ್ಲಿ ಹುಣ್ಣು ಮುಚ್ಚಿಸಿ ಬದುಕಿಸಿಕೊಂಡೆವು. ಆ ಚೀಟಿಯ ಪ್ರತಿ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಮೂರು ಮಾತ್ರೆ ಏಕೆ ಬೇಕಾಗುತ್ತಿದ್ದವು ಎಂಬುದನ್ನು ಹೇಳದಿದ್ದರೆ ನನ್ನ ತಪ್ಪಿನ ಸ್ವರೂಪ ತಿಳಿಯುವುದಿಲ್ಲ. ದೇಹದೊಳಗೆ ರಕ್ತ ಹೆಪ್ಪುಗಟ್ಟುವುದು ಒಂದೇ ಬಗೆಯಲ್ಲ. ಹೊಸ ಸ್ಟೆಂಟಿನ ಲೋಹದ ಮೇಲೆ ರಕ್ತ ರಭಸವಾಗಿ ಹರಿಯುವಾಗ ಮೊದಲು ಬಂದು ಅಂಟುವುದು ರಕ್ತದ ಪುಟ್ಟ ಕಣಗಳಾದ ಪ್ಲೇಟ್‌ಲೆಟ್‌ಗಳು. ಅವನ್ನು ತಡೆಯುವುದು ಆಸ್ಪಿರಿನ್, ಕ್ಲೊಪಿಡೊಗ್ರೆಲ್. ಫಿಬ್ರಿಲೇಷನ್‌ನಲ್ಲಿ ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ಸಂಕುಚಿಸುವುದಿಲ್ಲ, ಬರಿದೆ ನಡುಗುತ್ತವೆ. ಎಡ ಹೃತ್ಕರ್ಣಕ್ಕೆ ಅಂಟಿಕೊಂಡ ಪುಟ್ಟ ಚೀಲದಲ್ಲಿ ರಕ್ತ ಹಳ್ಳದ ನೀರಿನಂತೆ ನಿಂತುಬಿಡುತ್ತದೆ. ಅಲ್ಲಿ ಕಟ್ಟುವ ಹೆಪ್ಪಿನಲ್ಲಿ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳದ್ದೇ ಮೇಲುಗೈ. ಅದು ಕಳಚಿಕೊಂಡು ಮಿದುಳಿಗೆ ಹೋದರೆ ಪಾರ್ಶ್ವವಾಯು. ಅದನ್ನು ತಡೆಯಲು ವಾರ್ಫರಿನ್ ಅಥವಾ ಅದರ ಹೊಸ ಸೋದರರು ಬೇಕು. ಸ್ಟೆಂಟಿಗೆ ಎರಡು ಪ್ಲೇಟ್‌ಲೆಟ್ ಮಾತ್ರೆಗಳು ವಾರ್ಫರಿನ್-ಆಸ್ಪಿರಿನ್ ಜೋಡಿಗಿಂತ ಮೇಲು ಎಂಬುದು 1998ರಲ್ಲೇ ಸಾಬೀತಾಗಿತ್ತು. ಫಿಬ್ರಿಲೇಷನ್‌ಗೆ ಅವೆರಡು ಸೇರಿದರೂ ವಾರ್ಫರಿನ್‌ಗೆ ಸಮವಲ್ಲ ಎಂಬುದು 2006ರಲ್ಲಿ ಗೊತ್ತಾಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂಥ ಸ್ಥಿತಿ. ಹಾಗಾಗಿ ಮೂರನ್ನೂ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆವು.

2013ರಲ್ಲಿ ವೋಯೆಸ್ಟ್ ಅಧ್ಯಯನ ಪ್ರಕಟವಾದಾಗ ಅದನ್ನು ನಾನು ನಂಬಲಿಲ್ಲ ಎಂದು ಒಪ್ಪಿಕೊಳ್ಳಬೇಕು. 573 ರೋಗಿಗಳಲ್ಲಿ ಆಸ್ಪಿರಿನ್ ಕೈಬಿಟ್ಟವರಿಗೆ ಒಂದು ವರ್ಷದಲ್ಲಿ ರಕ್ತಸ್ರಾವವಾದದ್ದು ಶೇಕಡಾ 19.4, ಮೂರನ್ನೂ ತೆಗೆದುಕೊಂಡವರಿಗೆ ಶೇಕಡಾ 44.4. ಚಿಕ್ಕ ಅಧ್ಯಯನ, ಸ್ಟೆಂಟ್ ಮುಚ್ಚಿಕೊಂಡರೆ ಯಾರು ಹೊಣೆ ಎಂದು ಹಳೆಯ ದಾರಿಯನ್ನೇ ಹಿಡಿದೆ. ನನ್ನ ಕೈ ಬದಲಾದದ್ದು 2019ರಲ್ಲಿ, 4,614 ಜನರ ಅಗಸ್ಟಸ್ ಅಧ್ಯಯನ ಓದಿದ ಮೇಲೆ. ಅದರಲ್ಲಿ ಆಸ್ಪಿರಿನ್ ಪಡೆದವರಲ್ಲಿ ಗಣನೀಯ ರಕ್ತಸ್ರಾವ ಶೇಕಡಾ 16.1, ಪಡೆಯದವರಲ್ಲಿ 9.0. ವಾರ್ಫರಿನ್ ಬಗೆಯ ಮಾತ್ರೆಗಿಂತ ಅದರ ಹೊಸ ಸೋದರರಲ್ಲೊಂದಾದ ಅಪಿಕ್ಸಬಾನ್‌ನಲ್ಲೂ ರಕ್ತಸ್ರಾವ ಕಡಿಮೆ. ಆರು ವರ್ಷ ತಡವಾಗಿ ಕಲಿತೆ.

ಈಗ ನಾನು ಮಾಡುವುದು ಹೀಗೆ. ರೋಗಿ ಬಂದೊಡನೆ ಕೈಹಿಡಿದು ಒಂದು ನಿಮಿಷ ಪೂರ್ತಿ ನಾಡಿ ನೋಡುತ್ತೇನೆ. ಇಸಿಜಿ ಹೇಗೂ ಇರುತ್ತದೆ, ಆದರೂ ಬೆರಳಿಗೆ ಮೊದಲು ತಿಳಿಯಲಿ ಎಂಬ ಹಟ. ಫಿಬ್ರಿಲೇಷನ್ ಇದ್ದವರಿಗೆ ಸ್ಟೆಂಟ್ ಹಾಕಲು ತೊಡೆಯ ಬದಲು ಮಣಿಕಟ್ಟಿನ ನಾಳದಿಂದಲೇ ಹೋಗುತ್ತೇನೆ. ಅಲ್ಲಿ ರಕ್ತ ಸೋರಿದರೂ ಕಣ್ಣಿಗೆ ಕಾಣುತ್ತದೆ, ಒತ್ತಿ ಹಿಡಿಯಬಹುದು. ವಾರ್ಫರಿನ್ ನಿಲ್ಲಿಸಿ ಆ ಕೆಲವು ದಿನಗಳಿಗೆ ಹೆಪ್ಪು ತಡೆಯುವ ಹೆಪಾರಿನ್ ಚುಚ್ಚುವ ಹಳೆಯ ಪದ್ಧತಿಯನ್ನು ಬಿಟ್ಟಿದ್ದೇನೆ. ಅದರಿಂದ ರಕ್ತ ಸೋರುವುದೇ ಹೆಚ್ಚು.

ಚಿಕಿತ್ಸೆಯ ಮೇಜಿನ ಮೇಲೆಯೇ ಲಯ ತಪ್ಪುವುದು ಬೇರೆಯೇ ಕಥೆ. ಹೃದಯದ ಬಲಗಡೆಯ ರಕ್ತನಾಳ ತೆರೆದುಕೊಂಡ ಕ್ಷಣ ಬಡಿತ ಕುಸಿಯಬಹುದು, ಅದಕ್ಕೆ ಬಡಿತ ಏರಿಸುವ ಅಟ್ರೋಪಿನ್ ಸಿರಿಂಜಿನಲ್ಲಿ ಸಿದ್ಧವಿರಬೇಕು. ಹೃದಯಾಘಾತದಲ್ಲಿ ರಕ್ತ ಮರಳಿ ಹರಿಯತೊಡಗಿದಾಗ ಕೆಳಗಿನ ಕೋಣೆಯಿಂದಲೇ ಹುಟ್ಟುವ ಅಗಲ ಅಲೆಗಳ ನಿಧಾನ ಲಯವೊಂದು ಪರದೆಯ ಮೇಲೆ ಬರುತ್ತದೆ. ಕಿರಿಯ ವೈದ್ಯರು ಗಾಬರಿಯಾಗಿ ಔಷಧಕ್ಕೆ ಕೈಹಾಕುತ್ತಾರೆ. ರಕ್ತದೊತ್ತಡ ಸರಿಯಿದ್ದರೆ ತಡೆಯುತ್ತೇನೆ. ತಾನಾಗಿ ಬಂದದ್ದು ತಾನಾಗಿ ಹೋಗುತ್ತದೆ. ಹೊಸದಾಗಿ ಕಾಣಿಸಿಕೊಂಡ ಫಿಬ್ರಿಲೇಷನ್ ಕೂಡ ಎಷ್ಟೋ ಸಲ ಮರುದಿನಕ್ಕೆ ಇರುವುದಿಲ್ಲ, ಆದರೆ ಅದನ್ನು ನಾನು ಮರೆಯುವುದಿಲ್ಲ. ಇಂಥವರಲ್ಲಿ ಅದು ಮತ್ತೆ ಮರಳುವುದುಂಟು, ಹಾಗಾಗಿ ಹೃದಯದ ಲಯವನ್ನು ದಿನವಿಡೀ ದಾಖಲಿಸುವ ಹೋಲ್ಟರ್ ಪರೀಕ್ಷೆಗೆ ದಿನ ಗೊತ್ತುಮಾಡಿಯೇ ಕಳುಹಿಸುತ್ತೇನೆ.

ಸ್ಟೆಂಟ್ ಹಾಕಿದ ಮೇಲೆ ಆಸ್ಪಿರಿನ್ ಹೆಚ್ಚೆಂದರೆ ಒಂದು ವಾರ, ಸಾಮಾನ್ಯವಾಗಿ ಮನೆಗೆ ಹೋಗುವವರೆಗೆ. ಹೆಪ್ಪು ಕಟ್ಟುವ ಅಪಾಯ ತುಂಬ ಹೆಚ್ಚಿರುವ ಕೆಲವರಿಗೆ ಮಾತ್ರ ಒಂದು ತಿಂಗಳು. ಆಮೇಲೆ ಎರಡೇ: ಅಪಿಕ್ಸಬಾನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ಮತ್ತು ಕ್ಲೊಪಿಡೊಗ್ರೆಲ್. ಕ್ಲೊಪಿಡೊಗ್ರೆಲ್ ಹೃದಯಾಘಾತವಾಗಿದ್ದರೆ ಹನ್ನೆರಡು ತಿಂಗಳು, ಯೋಜಿಸಿ ಮಾಡಿದ ಚಿಕಿತ್ಸೆಯಾದರೆ ಆರು. ಪ್ರಾಸುಗ್ರೆಲ್‌ನಂಥ ಇನ್ನೂ ಬಲವಾದ ಪ್ಲೇಟ್‌ಲೆಟ್ ಮಾತ್ರೆಗಳ ಗೊಡವೆಗೆ ಹೋಗುವುದಿಲ್ಲ. ಜಠರ ಕಾಯಲು ಪ್ಯಾಂಟೊಪ್ರಜೋಲ್ ಕೊಡುತ್ತೇನೆ. ಅದೇ ಬಗೆಯ ಒಮೆಪ್ರಜೋಲ್ ಕ್ಲೊಪಿಡೊಗ್ರೆಲ್‌ನ ಕೆಲಸಕ್ಕೆ ಅಡ್ಡ ಬರುತ್ತದೆ. ಲೋಹದ ಕವಾಟ ಇದ್ದವರಿಗೆ, ಮಿಟ್ರಲ್ ಕವಾಟ ಬಹಳ ಕಿರಿದಾದವರಿಗೆ ಮಾತ್ರ ಇಂದಿಗೂ ವಾರ್ಫರಿನ್ನೇ. ಹೊಸ ಮಾತ್ರೆಗಳು ಅಲ್ಲಿ ನಡೆಯುವುದಿಲ್ಲ.

ಇದರಲ್ಲೊಂದು ಸೂಕ್ಷ್ಮ ತಪ್ಪು ನನ್ನಿಂದಲೂ ಆಗಿದೆ. ರಕ್ತಸ್ರಾವದ ಭಯಕ್ಕೆ ಅಪಿಕ್ಸಬಾನ್ ಅನ್ನು ಅರ್ಧಕ್ಕಿಳಿಸುವುದು. 5 ಮಿಲಿಗ್ರಾಮನ್ನು 2.5ಕ್ಕೆ ಇಳಿಸಲು ನಿಯಮವಿದೆ: ವಯಸ್ಸು 80 ಅಥವಾ ಹೆಚ್ಚಿರಬೇಕು, ತೂಕ 60 ಕಿಲೋ ಅಥವಾ ಕಡಿಮೆ ಇರಬೇಕು, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ 1.5 ಅಥವಾ ಹೆಚ್ಚಿರಬೇಕು, ಮೂರರಲ್ಲಿ ಎರಡಾದರೂ. ನೋಡಲು ಬಡಕಲಾಗಿದ್ದಾರೆ ಎಂಬುದು ಆ ಪಟ್ಟಿಯಲ್ಲಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿ ಕಳುಹಿಸಿದರೂ ಮಂಡಿನೋವು ಎಲ್ಲವನ್ನೂ ಕೆಡಿಸಬಲ್ಲದು. ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಯೂ ರಕ್ತ ಸೋರಿಸುತ್ತದೆ, ಆದರೆ ಅದನ್ನು ಯಾರೂ ಮಾತ್ರೆಯೆಂದೇ ಎಣಿಸುವುದಿಲ್ಲ. "ಬೇರೆ ಏನು ಔಷಧ ತೆಗೆದುಕೊಳ್ಳುತ್ತೀರಿ?" ಎಂದರೆ "ಏನೂ ಇಲ್ಲ" ಎನ್ನುತ್ತಾರೆ. "ಮೈಕೈ ನೋವಾದರೆ ಏನು ಮಾಡುತ್ತೀರಿ?" ಎಂದು ಕೇಳತೊಡಗಿದ ಮೇಲೆ ಉತ್ತರಗಳು ಬರುತ್ತಿವೆ.

ಇನ್ನು ಚೀಟಿ. 'ಮುಂದಿನ ಭೇಟಿಯವರೆಗೆ' ಎಂಬ ಮಾತು ಅದರಲ್ಲಿಲ್ಲ. ಪ್ರತಿ ಮಾತ್ರೆಯ ಎದುರು ಏಕೆ ಎಂದು ಒಂದು ಪದ, ನಿಲ್ಲಿಸುವ ದಿನ, ತಿಂಗಳು, ವರ್ಷ. ಆ ತಾರೀಖನ್ನು ಮನೆಯವರ ಮೊಬೈಲಿನಲ್ಲಿ ಎಚ್ಚರಿಕೆಯ ಗಂಟೆಯಾಗಿ ನಮ್ಮ ದಾದಿಯರು ಅಲ್ಲೇ ಹಾಕಿಸುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆಯ ಎದುರು ಮಾತ್ರ 'ನಿಲ್ಲಿಸಬೇಡಿ' ಎಂದಿರುತ್ತದೆ.

ಅವಧಿ ಮುಗಿದು ಕ್ಲೊಪಿಡೊಗ್ರೆಲ್ ನಿಲ್ಲಿಸುವ ದಿನ ರೋಗಿಗಳು ಹೆದರುತ್ತಾರೆ. "ಸ್ಟೆಂಟ್ ಒಳಗೇ ಇದೆಯಲ್ಲ ಡಾಕ್ಟರೇ, ಒಂದೇ ಮಾತ್ರೆ ಸಾಕೇ?" ಸಾಕು. 2019ರಲ್ಲಿ ಪ್ರಕಟವಾದ ಜಪಾನಿನ ಅಫೈರ್ ಅಧ್ಯಯನದಲ್ಲಿ ಎರಡು ಮಾತ್ರೆ ಪಡೆದವರಲ್ಲಿ ಸಾವು ಹೆಚ್ಚಾಗಿ, ಅಧ್ಯಯನವನ್ನೇ ಅವಧಿಗೆ ಮುನ್ನ ನಿಲ್ಲಿಸಬೇಕಾಯಿತು. ರೋಗಿಗಳನ್ನು ಒಪ್ಪಿಸಬಹುದು. ಕಷ್ಟವಾದದ್ದು ನಮ್ಮವರನ್ನು. ಜ್ವರಕ್ಕೆಂದು ಬೇರೆಡೆ ದಾಖಲಾದವರ ಚೀಟಿಯನ್ನು ನೋಡಿದ ವೈದ್ಯರು "ಸ್ಟೆಂಟ್ ಇದ್ದೂ ಆಸ್ಪಿರಿನ್ ಇಲ್ಲವೇ?" ಎಂದು ಸದುದ್ದೇಶದಿಂದಲೇ ಸೇರಿಸಿಬಿಡುತ್ತಾರೆ. ಅದಕ್ಕಾಗಿ ಈಗ ಚೀಟಿಯ ತಲೆಯ ಮೇಲೆ ಕೆಂಪಕ್ಷರದಲ್ಲಿ ಬರೆಯುತ್ತೇನೆ: "ಆಸ್ಪಿರಿನ್ ನಿಲ್ಲಿಸಿದ್ದು ಬೇಕೆಂದೇ, ಮರೆತು ಅಲ್ಲ." ಹಾಗೆ ಬರೆದ ಮೇಲೂ ಎರಡು ಸಲ ಆಸ್ಪಿರಿನ್ ಮರಳಿ ಬಂದಿದೆ.