ಕರ್ಸರ್‌ಗೆ ಎಂಸಿಪಿ ಸರ್ವರ್ ಜೋಡಿಸುವಾಗ ಎಡವುವ ಎರಡು ಜಾಗ

ಎಐ ಮಾಡೆಲ್‌ಗೆ ಹೊರಗಿನ ಟೂಲ್‌ಗಳನ್ನು ಒದಗಿಸುವ ಪುಟ್ಟ ಪ್ರೋಗ್ರಾಮ್ ಎಂಸಿಪಿ ಸರ್ವರ್. ಅದನ್ನು ಕರ್ಸರ್ ಎಂಬ ಎಐ ಕೋಡ್ ಎಡಿಟರ್‌ಗೆ ಜೋಡಿಸಲು ಒಂದು ಫೈಲ್ ಸಾಕು. ಪ್ರಾಜೆಕ್ಟ್‌ನೊಳಗಿನ ‘.ಕರ್ಸರ್’ ಫೋಲ್ಡರ್‌ನಲ್ಲಿ ‘ಎಂಸಿಪಿ.ಜೇಸನ್’ ಇಟ್ಟರೆ ಆ ಪ್ರಾಜೆಕ್ಟ್‌ಗೆ ಮಾತ್ರ, ಹೋಮ್ ಡೈರೆಕ್ಟರಿಯ ‘.ಕರ್ಸರ್’ ಫೋಲ್ಡರ್‌ನಲ್ಲಿ ಇಟ್ಟರೆ ಎಲ್ಲದಕ್ಕೂ. ನಾನು ಪ್ರಾಜೆಕ್ಟ್‌ನಲ್ಲೇ ಇಡುತ್ತೇನೆ. ಬೇಡದ ಟೂಲ್‌ಗಳು ಹೆಚ್ಚಿದಷ್ಟೂ ಮಾಡೆಲ್ ತಪ್ಪು ಟೂಲ್‌ಗೆ ಕೈಹಾಕುತ್ತದೆ.

ಫೈಲ್‌ಸಿಸ್ಟಮ್ ಸರ್ವರ್‌ನಿಂದ ಶುರು ಮಾಡಿದೆ. ‘ಎಂಸಿಪಿಸರ್ವರ್ಸ್’ ಕೀ ಒಳಗೆ ಸರ್ವರ್‌ಗೊಂದು ಹೆಸರು, ‘ಕಮಾಂಡ್’ನಲ್ಲಿ ಎನ್‌ಪಿಎಕ್ಸ್ (ನೋಡ್.ಜೆಎಸ್ ಪ್ಯಾಕೇಜ್‌ಗಳನ್ನು ಓಡಿಸುವ ಕಮಾಂಡ್), ‘ಆರ್ಗ್ಸ್’ನಲ್ಲಿ ‘-ವೈ’, ಪ್ಯಾಕೇಜ್ ಹೆಸರು, ಕೊನೆಗೆ ಫೋಲ್ಡರ್‌ನ ಪೂರ್ತಿ ವಿಳಾಸ. ಈ ಸರ್ವರ್ ಫೈಲ್ ಓದುವುದಷ್ಟೇ ಅಲ್ಲ, ಬರೆಯುತ್ತದೆ ಕೂಡ. ಹಾಗಾಗಿ ಕೆಲಸದ ಫೋಲ್ಡರ್ ಬಿಟ್ಟು ಬೇರೇನನ್ನೂ ಕೊಡಬೇಡಿ. ಇದೇ ಫೈಲನ್ನು ವಿಎಸ್ ಕೋಡ್‌ಗೆ ಒಯ್ದರೆ ನಡೆಯದು; ಅಲ್ಲಿ ಫೋಲ್ಡರ್ ‘.ವಿಎಸ್‌ಕೋಡ್’, ಕೀ ಬರೀ ‘ಸರ್ವರ್ಸ್’.

ಮೊದಲು ಎದುರಾಗುವ ಎರರ್ ‘ಸ್ಪಾನ್ ಎನ್‌ಪಿಎಕ್ಸ್ ಇನೋಎಂಟ್’, ಅಂದರೆ ಎಡಿಟರ್‌ಗೆ ಎನ್‌ಪಿಎಕ್ಸ್ ಸಿಗಲಿಲ್ಲ ಎಂದು. ನೋಡ್ ಅನ್ನು ಎನ್‌ವಿಎಂ (ನೋಡ್ ಆವೃತ್ತಿಗಳನ್ನು ನಿಭಾಯಿಸುವ ಪ್ರೋಗ್ರಾಮ್) ಮೂಲಕ ಹಾಕಿಕೊಂಡಿದ್ದರೆ ಅದರ ಫೋಲ್ಡರ್ ‘ಪಾತ್’ಗೆ, ಅಂದರೆ ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿಗೆ, ಸೇರುವುದು ಶೆಲ್‌ನ ಸ್ಟಾರ್ಟಪ್ ಫೈಲ್‌ನಿಂದ. ಐಕಾನ್ ಒತ್ತಿ ತೆರೆದ ಎಡಿಟರ್‌ಗೆ ಅದು ಸಿಗದೇ ಹೋಗಬಹುದು. ಟರ್ಮಿನಲ್‌ನಲ್ಲಿ ‘ವಿಚ್ ಎನ್‌ಪಿಎಕ್ಸ್’ ಕೊಟ್ಟು ಬಂದ ಪೂರ್ತಿ ವಿಳಾಸವನ್ನು ‘ಕಮಾಂಡ್’ಗೆ ಹಾಕಿದೆ. ಆದರೂ ಓಡಲಿಲ್ಲ. ಎನ್‌ಪಿಎಕ್ಸ್ ಒಂದು ಸ್ಕ್ರಿಪ್ಟ್. ಅದರ ಮೊದಲ ಸಾಲೇ ನೋಡ್‌ಗಾಗಿ ಪಾತ್‌ನಲ್ಲಿ ಹುಡುಕುತ್ತದೆ. ‘ಎಂಸಿಪಿ.ಜೇಸನ್’ನ ‘ಎನ್ವ್’ (ಎನ್ವಿರಾನ್‌ಮೆಂಟ್) ಭಾಗದಲ್ಲಿ ಪಾತ್‌ಗೆ ಆ ಬಿನ್ ಫೋಲ್ಡರನ್ನೂ ಸೇರಿಸಿದ ಮೇಲೆ ಸರಿಹೋಯಿತು. ಎಪಿಐ ಕೀ ಕೂಡ ಇದೇ ‘ಎನ್ವ್’ನಲ್ಲಿ ಬರುತ್ತದೆ. ಎಪಿಐ ಕೀ ಬರೆದ ಫೈಲನ್ನು ಗಿಟ್‌ಗೆ ಕಮಿಟ್ ಮಾಡಲೇಬೇಡಿ.

ಎರಡನೆಯದು ಪೈಥಾನ್‌ನಲ್ಲಿ ಸ್ವಂತ ಸರ್ವರ್ ಬರೆದವರಿಗೆ. ಸ್ಟಡ್‌ಐಒ ವಿಧಾನದಲ್ಲಿ ಎಡಿಟರ್ ಮತ್ತು ಸರ್ವರ್ ಮಾತಾಡುವುದು ಸ್ಟಾಂಡರ್ಡ್ ಇನ್‌ಪುಟ್, ಔಟ್‌ಪುಟ್‌ಗಳಲ್ಲೇ. ಒಂದು ಸಾಲಿಗೆ ಒಂದು ಜೇಸನ್-ಆರ್‌ಪಿಸಿ (ಜೇಸನ್ ರೂಪದ ಕರೆ-ಉತ್ತರ) ಸಂದೇಶ. ಫಂಕ್ಷನ್ ಒಳಗೆ “ಡೇಟಾಬೇಸ್ ಸಿಕ್ಕಿತು” ಎಂದು ಒಂದು ಪ್ರಿಂಟ್ ಬಿಟ್ಟಿದ್ದರೂ ಎಡಿಟರ್ ಅದನ್ನು ಜೇಸನ್ ಎಂದೇ ಓದಲು ಹೋಗಿ ಎಡವುತ್ತದೆ. ಪ್ರಿಂಟ್ ತೆಗೆದು ಲಾಗಿಂಗ್ ಮಾಡ್ಯೂಲ್ ಬಳಸಿ. ಅದು ತಾನಾಗಿಯೇ ಸ್ಟಾಂಡರ್ಡ್ ಎರರ್‌ಗೆ ಬರೆಯುತ್ತದೆ. ಆ ಸಾಲುಗಳು ಕರ್ಸರ್‌ನ ಔಟ್‌ಪುಟ್ ಪ್ಯಾನೆಲ್‌ನ ಎಂಸಿಪಿ ಲಾಗ್ಸ್‌ನಲ್ಲಿ ಕಾಣುತ್ತವೆ.

ಈಗ ಎಡಿಟರ್‌ಗೆ ಜೋಡಿಸುವ ಮೊದಲು ಟರ್ಮಿನಲ್‌ನಿಂದ ಸರ್ವರ್ ಪರೀಕ್ಷಿಸುವ ಎಂಸಿಪಿ ಇನ್‌ಸ್ಪೆಕ್ಟರ್ ಓಡಿಸಿ, ಟೂಲ್‌ಗಳ ಪಟ್ಟಿ ಬರುತ್ತದೆಯೇ ನೋಡಿ, ಒಂದನ್ನು ಕರೆದೂ ನೋಡುತ್ತೇನೆ. ಅಲ್ಲಿ ನಡೆದು ಕರ್ಸರ್‌ನಲ್ಲಿ ನಡೆಯದಿದ್ದರೆ ಮೊದಲು ಪಾತ್ ನೋಡಿ. ಅಲ್ಲೂ ನಡೆಯದಿದ್ದರೆ ತಪ್ಪು ಬಹುಪಾಲು ಸರ್ವರ್ ಕೋಡ್‌ನಲ್ಲೇ.